ಮಾವನ ಹಸಿವು

ಬಲಗಾಲಿನ ಬೂಟಿಗೆ ಲೇಸು ಕಟ್ಟುತ್ತಿರುವಾಗ ಅವನಿಗೆ, ತನಗೆ ದಾರಿ ಗೊತ್ತಿಲ್ಲ ಎಂದು ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ಎಡಗಾಲಿನದು ಕಟ್ಟಿ ಮುಗಿಸುವ ಹೊತ್ತಿಗೆ ಆ ಧೈರ್ಯ ಹೋಗಿತ್ತು. ಅಡುಗೆಮನೆಯಲ್ಲಿ ಹೆಂಡತಿ ಬೇಯಿಸಿದ ಮೊಟ್ಟೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡುತ್ತಿದ್ದಳು, ಜೊತೆಗೆ ಏನೋ ಗುನುಗುತ್ತಿದ್ದಳು ಬೇರೆ. ಅತ್ತೆ ಹಜಾರದ ಕುರ್ಚಿಯಲ್ಲಿ ಆಗಲೇ ಕ್ಯಾನ್ವಾಸ್ ಶೂ ಹಾಕಿಕೊಂಡು, ರೈಲಿಗೆ ಕಾಯುವವರ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾವ ತೀರಿಕೊಂಡು ಇವತ್ತಿಗೆ ಒಂದು ವರ್ಷ. ಫೋಟೋದ ಮುಂದೆ ಕೂತು ಮೂಗು ಒರೆಸಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ, ಗುಡ್ಡದ ಮೇಲೆ ಅವರು ಮೀನು ಹಿಡಿಯುತ್ತಿದ್ದ ಮಡುವಿಗೇ ಹೋಗಿ ಅಲ್ಲಿ ಕೂತು ಉಂಡು ಬರೋಣ ಎಂದು ಹೆಂಡತಿ ತಿಂಗಳ ಹಿಂದೆಯೇ ತೀರ್ಮಾನಿಸಿದ್ದಳು. "ದಾರಿಗೇನು ಬಿಡೋ, ಇವರಿಗೆ ಗೊತ್ತಲ್ಲ. ಅಪ್ಪ ಕೊನೇ ಸಲ ಮಡುವಿಗೆ ಹೋಗಿದ್ದೇ ಇವರ ಜೊತೆ" ಎಂದು ಅವಳು ತಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ಅವನು ಪಕ್ಕದಲ್ಲೇ ಕೂತು ಯಾರದೋ ಕನ್ನಡಕದ ಕಡ್ಡಿಗೆ ಸ್ಕ್ರೂ ತಿರುಗಿಸುತ್ತಿದ್ದ. ಸ್ಕ್ರೂ ಕೈಜಾರಿ ಬಿತ್ತು. ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ತೂರಿಕೊಂಡವನು ಅವಳ ಮಾತು ಮುಗಿಯುವ ತನಕ ಅಲ್ಲೇ ಇದ್ದ. ಒಂದು ಲೆಕ್ಕಕ್ಕೆ ಈ ತಿಂಗಳಿಡೀ ಅವನು ಆ ಮೇಜಿನ ಕೆಳಗೇ ಇದ್ದ.

ಹೇಳಲು ಅವಕಾಶಗಳೇನೂ ಕಮ್ಮಿ ಇರಲಿಲ್ಲ. ಊಟಕ್ಕೆ ಕೂತಾಗ, ಬಟ್ಟೆ ಒಣಹಾಕುವಾಗ, ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ "ಈ ಹುಡುಗನಿಗೆ ಭಾಗಾಕಾರ ಈ ಜನ್ಮದಲ್ಲಿ ಬರಲ್ಲ ಬಿಡಿ" ಎಂದು ನಗುವಾಗ, ಮಾತು ನಾಲಿಗೆಯ ತುದಿಗೆ ಬಂದು ಹಾಗೇ ಒಳಗೆ ಹೋಗುತ್ತಿತ್ತು. ತಾನು ಸುಳ್ಳುಗಾರ ಎಂದು ಬಯಲಾಗುವುದೇನೋ ಸರಿ, ನಾಲ್ಕು ದಿನ ಆಡಿಕೊಂಡು ನಕ್ಕು ಸುಮ್ಮನಾಗುತ್ತಾರೆ. ಆದರೆ ಅವನು ಬಾಯಿ ಬಿಟ್ಟರೆ ಜೊತೆಗೆ ಮಾವನೂ ಸಿಕ್ಕಿಬೀಳುತ್ತಿದ್ದರು. ಮಾವನೆಂದರೆ ಸರ್ವೆ ಕಚೇರಿಯಲ್ಲಿದ್ದುಕೊಂಡು ಇಡೀ ಸೀಮೆಯನ್ನು ಸರಪಳಿ ಹಿಡಿದು ಅಳೆದವರು, ಭಾನುವಾರ ಬಂತೆಂದರೆ ಖಾಕಿ ಚಡ್ಡಿ, ಅಂಚು ಹರಿದ ಟೋಪಿ, ಹಳೇ ಕೊಡೆಯ ಬಟ್ಟೆಯಲ್ಲಿ ಸುತ್ತಿದ ಗಾಳದ ಕೋಲು ಸಮೇತ ಗುಡ್ಡ ಹತ್ತಿದವರು, ಮನೆಯ ಒಂದು ಕಿಟಕಿಯನ್ನೂ ಮುಚ್ಚಲು ಬಿಡದವರು, ಬೇಸಿಗೆ ಪೂರ್ತಿ ತಾರಸಿಯ ಮೇಲೆ ಮಲಗಿ, ಬೆಳಕು ಹರಿಯುವ ಮುಂಚೆ ಇಳಿದು ಬಂದು ಒಬ್ಬೊಬ್ಬರ ಕೋಣೆಯ ಬಾಗಿಲನ್ನೂ ತಟ್ಟಿ "ಎದ್ದಿದೀರಾ? ಮಲಗಿ, ಮಲಗಿ, ಸುಮ್ನೆ ಕೇಳ್ದೆ" ಎನ್ನುತ್ತಿದ್ದವರು. "ಕಣ್ಣು ಕಟ್ಟಿ ಕಾಡಲ್ಲಿ ಬಿಟ್ಟು ಬಂದ್ರೂ ನಮ್ಮಪ್ಪ ನಮಗಿಂತ ಮೊದ್ಲು ಮನೇಲಿರ್ತಾರೆ" ಎಂದು ಅವಳು ಮದುವೆಯ ಹೊಸತರಲ್ಲಿ ಹೇಳಿದ್ದಳು. ತಪ್ಪು ಲೆಕ್ಕವನ್ನು ಮಾರು ದೂರದಿಂದಲೇ ಹಿಡಿಯುವವಳು ಅವಳು. ಅಂಥವಳು ತಾಳೆ ನೋಡದೆ ಒಪ್ಪಿಕೊಂಡಿದ್ದ ಒಂದೇ ಒಂದು ಸಂಗತಿ ಅದು. ಅದಕ್ಕೆ ಕೈಹಚ್ಚುವುದು, ಅದೂ ಇವತ್ತಿನ ದಿನ, ಅವನಿಂದ ಆಗುವಂತಿರಲಿಲ್ಲ.

ಭಾವಮೈದುನ ಕಾರು ತಂದ. ಅವನು ಡ್ರೈವಿಂಗ್ ಕಲಿಸುವವನು, ಅದಕ್ಕೇ ಕಾರಿನಲ್ಲಿ ಎರಡು ಕಡೆಗೂ ಬ್ರೇಕು. ದಾರಿ ತೋರಿಸುವವನೆಂದು ಇವನನ್ನು ಮುಂದಿನ ಸೀಟಿನಲ್ಲಿ, ಆ ಎರಡನೇ ಬ್ರೇಕಿನ ಮುಂದೆ ಕೂರಿಸಿದರು. "ಭಾವ, ಕಾಲು ಸ್ವಲ್ಪ ಈಚೆ ಇಟ್ಕೊಳ್ಳಿ. ಹೆದರಿ ತುಳಿದುಬಿಟ್ರೆ ಗಾಡಿ ನಿಂತುಹೋಗುತ್ತೆ." ಹೆದರಿಕೆಯಿದ್ದದ್ದು ನಿಜ, ತುಳಿದುಬಿಡಲೇ ಎಂದು ಒಂದೆರಡು ಸಲ ಅನ್ನಿಸಿದ್ದೂ ನಿಜ. ಊರು ದಾಟಿದ ಮೇಲೆ ಗಾಜಿನಿಂದ ಬಿಸಿಲು ಬಂದು ತೊಡೆಯ ಮೇಲೆ ಬಿತ್ತು. ತನಗೇ ತಿಳಿಯದೆ ಪಕ್ಕಕ್ಕೆ ಸರಿದ. "ನೋಡಿದ್ಯಾ, ನೆರಳು ಸರೀತು" ಎಂದು ಹಿಂದಿನಿಂದ ಅತ್ತೆ ನಕ್ಕರು. ನೆರಳು ಎಂಬುದು ಮಾವ ಅವನಿಗಿಟ್ಟ ಹೆಸರು. ಮದುವೆಯ ಮಾತು ನಡೆಯುತ್ತಿದ್ದಾಗ ಮೊದಲ ಸಲ ಮನೆಗೆ ಬಂದವನನ್ನು ಕಾಫಿ ಕುಡಿಯಲೂ ಬಿಡದೆ ಮಾವ "ಬನ್ನಿ, ಇಲ್ಲೇ ಒಂದು ಸುತ್ತು ಹಾಕ್ಕೊಂಡು ಬರೋಣ" ಎಂದು ಎಬ್ಬಿಸಿಕೊಂಡು ಹೋಗಿದ್ದರು. ಇಲ್ಲೇ ಎಂದರೆ ಕೆರೆಯ ಆಚೆ ದಡ ಎಂದು ಅವನಿಗೇನು ಗೊತ್ತು? ಹೊಸ ಚಪ್ಪಲಿ ಕಚ್ಚಿ, ಅಂಗಿ ಬೆನ್ನಿಗೆ ಅಂಟಿ, ಒಂದು ಮರದ ಬುಡದಿಂದ ಇನ್ನೊಂದರ ಬುಡಕ್ಕೆ ಕುಂಟುತ್ತಾ ಹೇಗೋ ಸುತ್ತು ಮುಗಿಸಿದ್ದ. ವಾಪಸ್ಸು ಬಂದ ಮೇಲೆ ಮಾವ ಮನೆಮಂದಿಯೆದುರು, "ಹುಡುಗ ಒಳ್ಳೆಯವನೇ. ನೆರಳು ಎಲ್ಲಿದ್ರೂ ಹುಡುಕ್ತಾನೆ" ಎಂದರು. ಎಲ್ಲರೂ ನಕ್ಕರು, ಅವಳೂ. ಅವತ್ತು ಮುಖಕ್ಕೆ ಹೊಡೆದ ಹಾಗಾಗಿತ್ತು. ಹೌದು, ತಾನು ನೆರಳಿನವನೇ, ಟ್ಯೂಬ್‌ಲೈಟಿನ ಕೆಳಗೆ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವನು, ಮೂಗಿನಿಂದ ಒಂದು ಗೇಣು ದೂರದಲ್ಲಿರುವುದು ಮಾತ್ರ ತನ್ನ ಪ್ರಪಂಚ, ಅದಕ್ಕೇನಿವಾಗ ಎಂದು ರಾತ್ರಿಯೆಲ್ಲ ಮನಸ್ಸಿನಲ್ಲೇ ಜಗಳವಾಡಿದ್ದ. ಅದೇ ಹೆಸರಿಗಾಗಿ ಎಂದಿನಿಂದ ಕಿವಿ ಕಾಯತೊಡಗಿತೋ ಗೊತ್ತಿಲ್ಲ. ಸಂಜೆ ಅಂಗಡಿ ಮುಚ್ಚಿ ಮಾವನ ಮನೆಯ ಗೇಟು ತೆಗೆದರೆ ಸಾಕು, ಒಳಗಿನಿಂದ "ನಮ್ಮ ನೆರಳು ಬಂತು ನೋಡು" ಎಂಬ ದನಿ ಬರುತ್ತಿತ್ತು. ಈಗ ಗೇಟು ತೆಗೆದರೆ ಗೇಟಿನ ಸದ್ದಷ್ಟೇ.

"ಎಲ್ಲಿ ನಿಲ್ಲಿಸ್ಲಿ ಭಾವ?" ಎಂದು ಭಾವಮೈದುನ ಕೇಳಿದ. ಹಳೇ ಇಟ್ಟಿಗೆಗೂಡಿನ ಹತ್ತಿರ ಎಂದ. ಅಲ್ಲಿಯವರೆಗೆ ನಿಜವಾಗಿಯೂ ಗೊತ್ತಿತ್ತು. ಗೂಡಿನ ಹಿಂದೆ ಗುಡ್ಡದ ಕಾಲುದಾರಿ, ಆಮೇಲೆ ಒಂದು ಮುಳ್ಳುತಂತಿ ಬೇಲಿ, ಬೇಲಿಯಲ್ಲಿ ಯಾರೋ ಬಗ್ಗಿಸಿ ಮಾಡಿಟ್ಟ ಕಂಡಿ. ಆ ಕಂಡಿಯಲ್ಲಿ ತಂತಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮಾವ "ತಲೆ, ತಲೆ" ಎಂದು ಎಚ್ಚರಿಸಿದ್ದು ನೆನಪಿತ್ತು. ಈಗ ಅವನೂ ತಂತಿ ಎತ್ತಿ ಹಿಡಿದು ತಲೆ, ತಲೆ ಎಂದ. ಹೆಂಡತಿ ನುಸುಳುತ್ತಾ ಅವನ ಮುಖ ನೋಡಿ ಮೆಚ್ಚುಗೆಯಿಂದ ನಕ್ಕಳು. ಅವನು ಅವಳ ಕಣ್ಣು ತಪ್ಪಿಸಿ ತಂತಿಯ ಮುಳ್ಳನ್ನೇ ನೋಡಿದ. ಬೇಲಿ ದಾಟಿದರೆ ದಾರಿ ಮೂರಾಗುತ್ತದೆ. ಅವನು ಯೋಚಿಸಿದಂತೆ ನಟಿಸಿ, ನಡುವಿನದನ್ನು ಹಿಡಿದ. ಮೂರರಲ್ಲೂ ಅದೇ ಹುಲ್ಲು, ಅದೇ ಕಲ್ಲು. ನಡುವಿನದರಲ್ಲಾದರೆ ತಪ್ಪು ಅರ್ಧಕ್ಕರ್ಧ ಎಂಬ ಏನೋ ಒಂದು ಸಮಾಧಾನ.

ಏರು ಶುರುವಾದ ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಅತ್ತೆಯ ಉಸಿರು ಜೋರಾಗಿ ಕೇಳಿಸಿತು. ಕೂತ್ಕೊಳ್ಳಿ ಅಂದರೆ ಅವರು ಒಪ್ಪುವ ಪೈಕಿಯಲ್ಲ. "ಅತ್ತೆ, ಅಗೋ ಆ ಮರ ನೋಡಿ, ಕೊಂಬೆ ಹೇಗೆ ಬಾಗಿದೆ" ಎಂದು ಅವನು ನಿಂತ. ಎಲ್ಲರೂ ನಿಂತು ಮರ ನೋಡಿದರು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತೆಂದು ಅವನಿಗೆ ಆ ಕ್ಷಣದಲ್ಲೇ ಹೊಳೆದು ಮೈ ಜುಮ್ಮೆಂದಿತು. ಮಾವ ಯಾವತ್ತೂ ಸುಸ್ತಾಯ್ತಾ ಎಂದು ಕೇಳಿದವರಲ್ಲ. "ಅಲ್ಲಿ ನೋಡಿ, ಗಿಡುಗ" ಎನ್ನುತ್ತಿದ್ದರು. ಅವನು ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಾ ಗಿಡುಗವನ್ನು ಹುಡುಕುತ್ತಿದ್ದ, ಹುಡುಕುತ್ತಾ ಹುಡುಕುತ್ತಾ ಉಸಿರು ಹದಕ್ಕೆ ಬರುತ್ತಿತ್ತು, "ಹೋಯ್ತು ಬಿಡಿ, ನಡೀರಿ" ಎಂದು ಮಾವ ಮುಂದೆ ಹೊರಡುತ್ತಿದ್ದರು. ಎಷ್ಟೋ ವರ್ಷ ಅವನು ತನ್ನ ಕಣ್ಣಿನ ಮೇಲೇ ಅನುಮಾನ ಪಟ್ಟಿದ್ದ, ಕನ್ನಡಕದ ಅಂಗಡಿಯವನಾಗಿ ಒಂದು ಗಿಡುಗ ಕಾಣಿಸುವುದಿಲ್ಲವಲ್ಲ ಎಂದು ಒಬ್ಬನೇ ಕೂತು ಗೋಡೆಯ ಅಕ್ಷರ ಓದಿ ಪರೀಕ್ಷಿಸಿಕೊಂಡಿದ್ದ. ಕೊನೆಗೊಂದು ದಿನ ಮಾವನನ್ನೇ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ನೋಡಿದರೆ, ಅವರಿಗೆ ಮೂರನೇ ಸಾಲಿನಿಂದ ಕೆಳಗೆ ಒಂದಕ್ಷರವೂ ಕಾಣುತ್ತಿರಲಿಲ್ಲ. ದೂರದ ಕನ್ನಡಕ ಮಾಡಿಕೊಟ್ಟ. ಮಾವ ಅದನ್ನು ಹಾಕಿಕೊಂಡು ಬೀದಿಯ ಆ ತುದಿಯವರೆಗೆ ನೋಡಿ, "ಇಷ್ಟೆಲ್ಲಾ ಕಾಣಬೇಕಾ?" ಎಂದು ಜೇಬಿನಲ್ಲಿಟ್ಟುಕೊಂಡರು. ಗಿಡುಗ ಆಮೇಲೂ ಬರುತ್ತಲೇ ಇತ್ತು, ಸರಿಯಾಗಿ ಅವನಿಗೆ ಏದುಸಿರು ಬಂದಾಗ. ಇದನ್ನು ಅರ್ಥಮಾಡಿಕೊಳ್ಳಲು ಅವರು ಸಾಯಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಜೊತೆಗೇ, ಆ ಮುದುಕನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು.

"ಇನ್ನೂ ಎಷ್ಟು ದೂರ ಭಾವ?"

"ಇಲ್ಲೇ, ಸ್ವಲ್ಪ ಮುಂದೆ" ಎಂದ. ಅದು ಅವನ ಮಾತಲ್ಲ, ಕೊನೇ ಸಲ ಇಲ್ಲಿಗೆ ಬಂದಾಗ ಮಾವ ಆಡಿದ್ದು. ಅವತ್ತೂ ಇದೇ ಬೇಲಿ, ಇದೇ ಹುಲ್ಲು, ಮಾವನ ಹಿಂದೆ ಅವನೊಬ್ಬನೇ. ಮಡುವಿನ ಮೀನಿನ ಗಾತ್ರವನ್ನು ಮಾವ ಮೊದಮೊದಲು ಅಂಗೈಯಲ್ಲಿ ತೋರಿಸುತ್ತಿದ್ದರು, ನಡೆಯುತ್ತಾ ನಡೆಯುತ್ತಾ ಅದು ಮೊಣಕೈಯವರೆಗೆ ಬೆಳೆದಿತ್ತು. ಒಂದು ಬೋಳು ಬಂಡೆಯ ಹತ್ತಿರ ಇದ್ದಕ್ಕಿದ್ದಂತೆ ನಿಂತು, "ಹಸಿವಾಯ್ತು, ಊಟ ಮಾಡಿಬಿಡೋಣ" ಎಂದರು. ಬೆಳಗಿನ ತಿಂಡಿಯೇ ಇನ್ನೂ ಗಂಟಲಿನಲ್ಲಿತ್ತು. ಮಾವನ ಹಸಿವು ಮನೆಯಲ್ಲಿ ಪ್ರಸಿದ್ಧ. ಮಕ್ಕಳು ಚಿಕ್ಕವರಿದ್ದಾಗಿನ ಭಾನುವಾರಗಳ ಕತೆಯೆಲ್ಲ ಅದೇ: ಅಪ್ಪನಿಗೆ ಹಸಿವಾಗಿ ಹಳ್ಳದ ನಡುವೆ ಕಲ್ಲಿನ ಮೇಲೆ ಕೂತು ಉಂಡದ್ದು, ಅಪ್ಪನಿಗೆ ಹಸಿವಾಗಿ ಯಾರೋ ಹೊಲ ಕಾಯಲು ಕಟ್ಟಿದ ಮಂಚಿಗೆಯ ಮೇಲೆ ಉಂಡದ್ದು, ಸುರಿಯುವ ಮಳೆಯಲ್ಲಿ ಎಲ್ಲರೂ ಒಂದೇ ಕೊಡೆಯ ಕೆಳಗೆ ನಿಂತುಕೊಂಡೇ ಉಂಡದ್ದು. ಹೆಂಡತಿ ಅದನ್ನೆಲ್ಲ ಹೇಳುವಾಗ ಅವಳ ಮುಖ ಹತ್ತು ವರ್ಷದವಳದಾಗುತ್ತಿತ್ತು. ಅವತ್ತು ಬಂಡೆಯ ಮೇಲೆ ಮಾವ ಟವೆಲ್ಲು ಹಾಸಿ, ಡಬ್ಬಿ ಬಿಚ್ಚಿ, ಉಪ್ಪಿನ ಪೊಟ್ಟಣವನ್ನು ಅವನ ಕಡೆ ತಳ್ಳಿ, ಮೊಟ್ಟೆಯ ಸಿಪ್ಪೆ ಸುಲಿಯತೊಡಗಿದರು. ಸುಲಿದದ್ದನ್ನು ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಇದ್ದರು.

"ಅಳಿಯಂದ್ರೇ, ಒಂದು ವಿಷಯ. ನಿಮಗೊಬ್ಬರಿಗೇ ಹೇಳ್ತಿರೋದು, ಮನೇಲಿ ಯಾರಿಗೂ ಬೇಡ."

"ಹೇಳಿ ಮಾವ."

"ನನಗೇನೂ ಹಸಿವಿಲ್ಲ. ದಾರಿ ತಪ್ಪಿದೆ."

ಅವನು ನಕ್ಕ, ತಮಾಷೆ ಎಂದುಕೊಂಡು. ಮಾವ ನಗಲಿಲ್ಲ. "ಯಾವಾಗ್ಲೂ ತಪ್ಪುತ್ತೆ. ಹೊಲ ಅಳೆಯೋದಾದ್ರೆ ಮೂಲೆಗೊಂದು ಕಲ್ಲಿರುತ್ತೆ. ಇಲ್ಲಿ ಯಾರು ಕಲ್ಲು ನೆಟ್ಟಿದಾರೆ? ತಪ್ಪಿದೆ ಅಂದ್ರೆ ಜೊತೇಲಿರೋರು ಗಾಬರಿ ಬೀಳ್ತಾರೆ. ಹಸಿವು ಅಂದ್ರೆ ಡಬ್ಬಿ ಬಿಚ್ತಾರೆ. ಕೂತು ತಿಂದು ಎದ್ರೆ ಏನೋ ಒಂದು ಹೊಳೆಯುತ್ತೆ." ಇಷ್ಟು ಹೇಳಿ ಮೊಟ್ಟೆಯನ್ನು ಅವನಿಗೆ ಕೊಟ್ಟರು. ಅವನು ಆ ಮೊಟ್ಟೆಯನ್ನು ತಿಂದ. ಅಷ್ಟು ದೊಡ್ಡ ಗುಟ್ಟನ್ನು ನೆರಳಿನವನಾದ ತನ್ನ ಕೈಗೆ ಕೊಟ್ಟರಲ್ಲ ಎಂದು ಅವನಿಗೆ ಒಳಗೊಳಗೇ ಎಂಥ ಜಂಬ! ಮಗಳಿಗಿಲ್ಲ, ಮಗನಿಗಿಲ್ಲ, ತನಗೆ. ಮಡು ಅವತ್ತು ಸಿಗಲೇ ಇಲ್ಲ. ಇಳಿಯುವಾಗ ಮಾವನ ಮುಖ ಸಣ್ಣಗಾಗುತ್ತಾ ಬಂತು. ಖಾಲಿ ಕೈಯಲ್ಲಿ ಹೋದರೆ ನಿಮ್ಮತ್ತೆ ಕೇಳ್ತಾಳಲ್ಲ ಎಂದು ಊರಿನ ಮೀನು ಮಾರ್ಕೆಟ್ಟಿನ ಮುಂದೆ ನಿಂತರು. ತಾವು ಒಳಗೆ ಹೋದರೆ ಗುರುತಿನವರು ನೋಡುತ್ತಾರೆಂದು ಅವನನ್ನು ಕಳಿಸಿ, ತಾವು ಎದುರಿನ ಗೋಡೆಯ ಮೇಲೆ ಅಂಟಿಸಿದ್ದ ನೀರಿನ ಸರಬರಾಜಿನ ಪ್ರಕಟಣೆಯನ್ನು ಓದುತ್ತಾ ನಿಂತರು. ಅವನು ಹುಟ್ಟಿದ ಮೇಲೆ ಎಂದೂ ಮೀನು ಕೊಂಡವನಲ್ಲ. ನೋಡಲು ಲಕ್ಷಣವಾಗಿ, ಹೊಳೆಯುತ್ತಾ ಇದ್ದ ಎರಡನ್ನು ಆರಿಸಿ, ದಾರಕ್ಕೆ ಪೋಣಿಸಿಕೊಂಡು ಹೆಮ್ಮೆಯಿಂದ ಹೊರಗೆ ಬಂದ. ಮಾವ ಅದನ್ನು ನೋಡಿದರು. ಅವನನ್ನು ನೋಡಿದರು. ಮತ್ತೆ ಅದನ್ನು ನೋಡಿ, "ಚೆನ್ನಾಗಿದೆ" ಎಂದರು.

ಅದು ಬಂಗುಡೆ ಎಂದು ಅವನಿಗೆ ತಿಳಿದದ್ದು ಎಷ್ಟೋ ತಿಂಗಳಾದ ಮೇಲೆ, ಕನ್ನಡಕಕ್ಕೆಂದು ಬಂದಿದ್ದ ಮೀನಿನಂಗಡಿಯ ಹೆಂಗಸಿನಿಂದ. ಬಂಗುಡೆ ಸಮುದ್ರದ ಮೀನು. ಸಮುದ್ರ ಇಲ್ಲಿಂದ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಅದನ್ನು ಗುಡ್ಡದ ಮಡುವಿನಲ್ಲಿ ಹಿಡಿದದ್ದೆಂದು ತಾನು ಊಟದ ಮೇಜಿನಲ್ಲಿ ಕೈ ಬೀಸಿ ಬೀಸಿ ಹೇಳಿದ್ದು, ಮಾವ ತಲೆ ಎತ್ತದೆ ಮುಳ್ಳು ಬಿಡಿಸುತ್ತಾ ಕೂತಿದ್ದದ್ದು, "ಮೀನು ಹಿಡಿಯೋ ಕೈ ಅಂದ್ರೆ ಅಳಿಯಂದ್ರದ್ದು" ಎಂದು ಅತ್ತೆ ಬಡಿಸಿದ್ದು ಎಲ್ಲ ನೆನಪಾಗಿ ಅಂಗಡಿಯ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಆದರೂ ಸುಮ್ಮನಿದ್ದ. ಮನೆಯವರಿಗೆ ಮೀನಿನ ವಿಷಯ ಗೊತ್ತಿಲ್ಲದಿರುವುದು ತನ್ನ ಪುಣ್ಯ ಎಂದುಕೊಂಡ. ಅದಾದ ಮೇಲೆ ಯಾರ ಮನೆಗೆ ಹೋದರೂ ಮೀನು ಹಿಡಿಯುವ ಅಳಿಯ ಎಂದೇ ಅವನ ಪರಿಚಯ. ಮಾವ ಹೋದ ಮೇಲೆ ಗಾಳದ ಕೋಲೂ ಅವನ ಪಾಲಿಗೇ ಬಂತು. ಅದು ಈಗ ಅಂಗಡಿಯ ಮೂಲೆಯಲ್ಲಿದೆ, ಗಿರಾಕಿಗಳು ಅದನ್ನು ಮುಟ್ಟಿ ನೋಡಿ ನಿಮಗೆ ಇದರ ಹುಚ್ಚೂ ಇದೆಯಾ ಎಂದು ಕೇಳುತ್ತಾರೆ.

ನಡುವಿನ ದಾರಿ ಹುಲ್ಲಿನಲ್ಲಿ ಸಣ್ಣದಾಗುತ್ತಾ ಹೋಗಿ, ಒಂದು ಲಂಟಾನದ ಪೊದೆಯ ಮುಂದೆ ಇಲ್ಲವೇ ಆಯಿತು. ಅವನು ಪೊದೆಯನ್ನು ಬಳಸಿ ಎಡಕ್ಕೆ ಹೋದ, ಅಲ್ಲಿ ಕಲ್ಲು. ಬಲಕ್ಕೆ ಬಂದ, ಅಲ್ಲೂ ಕಲ್ಲು. ಭಾವಮೈದುನ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್ ಇಲ್ಲ ಎಂದ. ಹೆಂಡತಿ ಅವನನ್ನೇ ನೋಡುತ್ತಿದ್ದಳು, ಅಪ್ಪನ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆಂಬ ನಂಬಿಕೆಯಲ್ಲಿ. ಆಸ್ಪತ್ರೆಯ ಕಿಟಕಿಯ ಹತ್ತಿರವೂ ಅವಳು ಹೀಗೇ ನಿಂತಿದ್ದಳು. ಮಾವನ ಮಂಚವನ್ನು ಕೇಳಿಕೊಂಡು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದರು, ಕಿಟಕಿಯನ್ನು ಪೂರ್ತಿ ತೆರೆಸಿದ್ದರು, ನರ್ಸು ಮುಚ್ಚಿದಷ್ಟು ಸಲವೂ. ಅವತ್ತು ಮಧ್ಯಾಹ್ನ ಅವರು ಕಣ್ಣು ಬಿಟ್ಟು ಒಬ್ಬೊಬ್ಬರನ್ನೇ ಹುಡುಕಿ ನೋಡಿ, "ಹಸಿವಾಗ್ತಿದೆ" ಎಂದರು. ವಾರದಿಂದ ಏನೂ ತಿಂದಿರಲಿಲ್ಲ. ಹೆಂಡತಿ ಸಂತೋಷದಿಂದ "ಗಂಜಿ ತರ್ತೀನಿ ಅಪ್ಪ" ಎಂದು ಓಡಿದಳು, ಅವಳ ಹಿಂದೆ ತಮ್ಮ. ಅತ್ತೆ ಕೈಗೆ ಸಿಕ್ಕಿದ ಬಟ್ಟೆಯನ್ನು ಮಡಿಸತೊಡಗಿದರು. ಆ ಮಾತಿನ ಅರ್ಥ ಗೊತ್ತಿದ್ದವನು ತಾನೊಬ್ಬನೇ. ಅವನು ಮಂಚದ ಅಂಚಿನಲ್ಲಿ ಕೂತು ಮಾವನ ಕೈ ಹಿಡಿದು, ಬೇರೇನೂ ತೋಚದೆ, "ಹಾಗಾದ್ರೆ ಇಲ್ಲೇ ಕೂತ್ಕೊಳ್ಳೋಣ ಮಾವ" ಎಂದ. ಮಾವನ ಮುಖ ಸಡಿಲವಾಯಿತು. ಕೂತರು, ಅಂದರೆ ಮಲಗಿದ್ದಲ್ಲೇ. ಗಂಜಿ ಬರುವ ಹೊತ್ತಿಗೆ ನಿದ್ದೆ ಹೋಗಿದ್ದರು, ಆಮೇಲೆ ಏಳಲಿಲ್ಲ. ಅಪ್ಪ ಕೊನೆಗೆ ಹೊಟ್ಟೆ ಹಸಿದು ಹೋದರಲ್ಲ ಎಂದು ಇವಳು ಕೊರಗುತ್ತಿರಬಹುದೇ ಎಂದು ಅವನು ಒಂದು ವರ್ಷ ಹೆದರಿದ್ದ. ಹಾಗಲ್ಲ, ಅದು ಹೊಟ್ಟೆಯ ಹಸಿವಲ್ಲ ಎನ್ನಲು ಹೋದರೆ ಅದಕ್ಕಿಂತ ದೊಡ್ಡದನ್ನು ಹೇಳಬೇಕಾಗುತ್ತಿತ್ತು.

ಬಿಸಿಲು ನೆತ್ತಿಗೆ ಬಂದಿತ್ತು. ಕಾಲು ಸೋತಿತ್ತು. ಸುತ್ತ ಮೂವರು ಅವನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ದಾರಿ ಗೊತ್ತಿಲ್ಲ ಎನ್ನಲು ಬಾಯಿ ತೆರೆದ.

"ಹಸಿವಾಯ್ತು" ಎಂದ. "ಊಟ ಮಾಡಿಬಿಡೋಣ."

ಅತ್ತೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟು, ಪಕ್ಕದಲ್ಲಿದ್ದ ಕಲ್ಲಿನ ಮೇಲಿನ ಎಲೆಗಳನ್ನು ಕೈಯಿಂದ ಗುಡಿಸಿ ಕೂತರು.

"ಎಷ್ಟೊತ್ತಿಂದ ಹಸಿವು?" ಎಂದು ಕೇಳಿದರು.

ಅವರ ದನಿಯಲ್ಲಿ ಏನಿತ್ತೋ, ಅವನ ಬಾಯಿಂದ ನಿಜ ಬಂದುಬಿಟ್ಟಿತು. "ಬೇಲಿ ದಾಟಿದಾಗಿಂದ ಅತ್ತೆ."

"ನಿಮ್ಮ ಮಾವನಿಗೂ ಅಲ್ಲೇ. ಆ ಬೇಲಿ ದಾಟ್ತಿದ್ದ ಹಾಗೇ ಹಸಿವು ಅವರಿಗೆ."

ಅವನು ಗರಬಡಿದವನಂತೆ ನಿಂತ. ಹೆಂಡತಿಯ ಕಡೆ ನೋಡಲು ಧೈರ್ಯವಾಗಲಿಲ್ಲ. ನೋಡಿದಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ. ಸೆರಗು ಸರಿದಾಗ ನಗು ಹೊರಗೆ ಬಿತ್ತು. "ನಿಮಗೂ ಹೇಳಿದ್ರಾ? ನನಗೊಬ್ಬಳಿಗೇ ಅಂದಿದ್ರು. ನಾನಿನ್ನೂ ಶಾಲೇಲಿದ್ದೆ. ತಮ್ಮನಿಗೆ ಹೇಳ್ಬೇಡ, ಹೆದರ್ಕೋತಾನೆ ಅಂದ್ರು."

"ಅಕ್ಕನಿಗೆ ಹೇಳ್ಬೇಡ, ಆಡ್ಕೊಂಡು ನಗ್ತಾಳೆ ಅಂದಿದ್ರು ನನಗೆ" ಎಂದ ಭಾವಮೈದುನ. ಫೋನನ್ನು ಇನ್ನೂ ಎತ್ತಿ ಹಿಡಿದೇ ಇದ್ದ.

ಅತ್ತೆ ಡಬ್ಬಿಯ ಮುಚ್ಚಳ ತೆಗೆಯುತ್ತಾ, ಇದೆಲ್ಲ ಏನು ಮಹಾ ಎಂಬಂತೆ, "ನನಗೆ ಮದುವೆಯಾದ ವಾರಕ್ಕೇ ಗೊತ್ತಾಯ್ತು. ಯಾರಿಗೂ ಹೇಳ್ಬೇಡ ಅಂದ್ರು. ನಾನು ಯಾರಿಗೆ ಹೇಳ್ಲಿ, ಹೊಸಬಳು" ಎಂದರು.

ಒಂದು ಕ್ಷಣ ಅವನಿಗೆ ಮೋಸಹೋದಂತಾಯಿತು. ಅಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಕಾಪಾಡಿದ್ದು, ತನಗೊಬ್ಬನಿಗೇ ಎಂದು ಬೀಗಿದ್ದು, ಪ್ರಸಾದದ ಹಾಗೆ ಮನೆಮಂದಿಗೆಲ್ಲ ಹಂಚಿದ್ದಾಗಿತ್ತು. ಹಾಗಾದರೆ ತಾನೇನೂ ವಿಶೇಷವಲ್ಲ. ಸಿಟ್ಟು ಬಂದಂತಾಗಿ, ಅದು ಸಿಟ್ಟಾಗುವ ಮುಂಚೆಯೇ ಇನ್ನೊಂದು ಹೊಳೆಯಿತು: ಮಗಳಿಗೆ, ಮಗನಿಗೆ, ಹೆಂಡತಿಗೆ ಹೇಳಿದ್ದನ್ನು ಮಾವ ತನಗೂ ಹೇಳಿದ್ದರು. ಹೊರಗಿನವರಿಗೆ ಯಾರಿಗೂ ಹೇಳಿರಲಿಲ್ಲ. ಅವನು ಅತ್ತೆಯ ಪಕ್ಕದ ಕಲ್ಲಿನ ಮೇಲೆ ಧೊಪ್ಪೆಂದು ಕೂತ. ಕೂತದ್ದು ಸುಡುವ ಬಿಸಿಲಿನಲ್ಲಿ ಎಂಬುದೂ ಅವನ ಗಮನಕ್ಕೆ ಬರಲಿಲ್ಲ.

"ಆಸ್ಪತ್ರೇಲಿ..." ಎಂದು ಶುರುಮಾಡಿ ಹೆಂಡತಿಯನ್ನು ನೋಡಿದ. ಅವಳು ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದಳು.

"ಗೊತ್ತಾಯ್ತು" ಎಂದಳು. "ಅವರು ಅಂದ ತಕ್ಷಣ ಗೊತ್ತಾಯ್ತು. ಎದುರಿಗೆ ಅಳಬಾರದು ಅಂತ ಗಂಜಿಗೆ ಓಡ್ದೆ. ನಿಮಗೆ ಗೊತ್ತಿಲ್ವಲ್ಲ, ಸುಮ್ನೆ ಪಕ್ಕದಲ್ಲಿ ಕೂತಿರ್ತೀರಿ, ಅಷ್ಟು ಸಾಕು ಅಂದ್ಕೊಂಡೆ." ಸುಲಿದ ಮೊಟ್ಟೆಯನ್ನು ಅವನ ಕೈಗಿಟ್ಟಳು. "ಏನಂದ್ರಿ ಅವರಿಗೆ?"

"ಇಲ್ಲೇ ಕೂತ್ಕೊಳ್ಳೋಣ ಅಂದೆ."

ಅವಳು ಅವನ ಮೊಣಕಾಲಿನ ಮೇಲೆ ಅಂಟಿದ್ದ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ತೆಗೆದಳು. ಅವನು ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಕೆಮ್ಮಿದ. ಭಾವಮೈದುನ ನೀರಿನ ಬಾಟಲಿ ಕೊಟ್ಟ. ಆಮೇಲೆ ನಾಲ್ವರೂ ನಿಜವಾಗಿ ಹಸಿದವರಂತೆ ಉಂಡರು. ಮಾವನ ಒಂದೊಂದು ಹಸಿವಿಗೂ ಮತ್ತೆ ಲೆಕ್ಕ ಶುರುವಾಯಿತು. ಹಳ್ಳದ ಕಲ್ಲಿನ ಮೇಲೆ ಉಂಡ ದಿನ ತಪ್ಪಿದ್ದೋ? ಹೂಂ, ತಪ್ಪಿದ್ದೇ. ಹೊಲದ ಮಂ‍ಚಿಗೆ? ಅದೂ. ಕೊಡೆಯ ಕೆಳಗೆ ಉಂಡದ್ದು? "ಅವತ್ತು ಎರಡು ಸಲ ಹಸಿವಾಗಿತ್ತು" ಎಂದರು ಅತ್ತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾಗಾದ್ರೆ ಮಡು ಅನ್ನೋದು ಇದೆಯಾ ಅತ್ತೆ, ಇಲ್ವಾ?"

"ಇದೆ. ಮದುವೆಯಾದ ಹೊಸತರಲ್ಲಿ ಕರ್ಕೊಂಡು ಬಂದಿದ್ರು. ನೀರು ಎಷ್ಟು ತಿಳಿ ಅಂದ್ರೆ, ಸೊಂಟದ ತನಕ ಇಳಿದ್ರೂ ನನ್ನ ಕಾಲಬೆರಳು ಕಾಣ್ತಿತ್ತು. ಅವತ್ತು ದಾರಿ ತಪ್ಪಿಯೇ ಅಲ್ಲಿಗೆ ಹೋಗಿದ್ದು, ಅದಕ್ಕೇ ಮತ್ತೆ ಸಿಗ್ಲಿಲ್ಲ. ಪ್ರತಿ ಭಾನುವಾರ ಹುಡುಕಿದ್ರು ಪುಣ್ಯಾತ್ಮ." ಅತ್ತೆ ಕೈ ಒರೆಸಿಕೊಂಡು ಗುಡ್ಡದ ಕಡೆ ನೋಡಿದರು. ಅವರ ಮುಖದಲ್ಲಿ ದುಃಖಕ್ಕಿಂತ ತುಂಟತನವೇ ಹೆಚ್ಚಾಗಿತ್ತು. "ಸುಮ್ನೆ ಒಂದು ಸಲ ಬಾಯಿ ತಪ್ಪಿ, ಮತ್ತೆ ಆ ಮಡು ನೋಡ್ಬೇಕು ಅಂದಿದ್ದೆ. ಅಷ್ಟಕ್ಕೆ."

ಎದ್ದರು. ಕೆಳಗೆ ಹರಿಯುವ ಹಳ್ಳದ ನೀರಿನ ಸದ್ದನ್ನು ಎಡಕ್ಕಿಟ್ಟುಕೊಂಡು ಇಳಿದರೆ ರಸ್ತೆ ಸಿಗುತ್ತದೆ, ಯಾವಾಗಲೂ ಸಿಗುತ್ತಿತ್ತು ಎಂದು ಅತ್ತೆಯೇ ಮುಂದಾದರು. ಸಿಕ್ಕಿತು. ಕಾರಿನಲ್ಲಿ ಅವನು ಬಿಸಿಲಿನ ಕಡೆಗೇ ಕೂತ. ಕಾಲು ಆ ಎರಡನೇ ಬ್ರೇಕಿನ ಹತ್ತಿರವೂ ಇರಲಿಲ್ಲ. ಊರು ಹತ್ತಿರವಾದಾಗ ಅತ್ತೆ ಹಿಂದಿನಿಂದ ಅವನ ಭುಜ ತಟ್ಟಿ, "ಅಳಿಯಂದ್ರೇ, ಮೀನು?" ಎಂದರು.

ಅವನ ಕಿವಿ ಬಿಸಿಯಾಯಿತು. "ಅದೂ ಗೊತ್ತಾ ಅತ್ತೆ?"

"ಕೊಯ್ದಾಗ ಹೊಟ್ಟೇಲಿ ಐಸಿತ್ತು. ಮಡುವಿಗೆ ಐಸು ಹಾಕೋರು ಯಾರು?"

ಭಾವಮೈದುನ ಮಾರ್ಕೆಟ್ಟಿನ ಮುಂದೆ ಕಾರು ನಿಲ್ಲಿಸಿದ. ಯಾರೂ ಏನೂ ಹೇಳಿಕೊಡಲಿಲ್ಲ. ಮೂವರೂ ಇಳಿದು, ಎದುರಿನ ಗೋಡೆಯ ಕಡೆ ತಿರುಗಿ, ಅಲ್ಲಿ ಅಂಟಿಸಿದ್ದ ಯಾವುದೋ ಪ್ರಕಟಣೆಯನ್ನು ಬಹಳ ಆಸಕ್ತಿಯಿಂದ ಓದುತ್ತಾ ನಿಂತರು. ಅವನು ಒಳಗೆ ಹೋದ. ಅದೇ ಹೆಂಗಸು, ಅವನೇ ಮಾಡಿಕೊಟ್ಟ ಕನ್ನಡಕದ ಮೇಲಿಂದ ಅವನನ್ನು ನೋಡಿ ಯಾವುದು ಬೇಕೆಂದು ಕೇಳಿದಳು. ಹೊಳೆಯ ಮೀನೂ ಇತ್ತು. ಅವನು ಬಂಗುಡೆಯನ್ನೇ ತೋರಿಸಿದ. ಚೀಲಕ್ಕೆ ಹಾಕಲು ಹೋದವಳನ್ನು ತಡೆದು, ದಾರಕ್ಕೆ ಪೋಣಿಸಿಕೊಡಿ ಎಂದ.

ಮನೆಯ ಗೇಟಿನ ಹತ್ತಿರ ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಗಿಡಕ್ಕೆ ನೀರು ಹಾಕುತ್ತಿದ್ದರು. ಪೈಪನ್ನು ಕೆಳಗಿಟ್ಟು, ಅವನ ಕೈಯಲ್ಲಿ ತೂಗಾಡುತ್ತಿದ್ದದ್ದನ್ನು ನೋಡಿ, "ಭರ್ಜರಿಯಾಗಿದೆಯಲ್ರೀ. ಎಲ್ಲಿ ಸಿಕ್ತು?" ಎಂದರು. ಅವನು ಬಾಯಿ ತೆರೆಯುವಷ್ಟರಲ್ಲಿ, ತಪ್ಪು ಲೆಕ್ಕಕ್ಕೆ ಒಂದು ಅಂಕವನ್ನೂ ಬಿಟ್ಟುಕೊಟ್ಟವಳಲ್ಲದ ಅವನ ಹೆಂಡತಿ ಗೇಟು ತೆಗೆಯುತ್ತಾ ಹೇಳಿದಳು:

"ಅಪ್ಪನ ಮಡುವಲ್ಲಿ ಸರ್. ಇಲ್ಲೇ, ಸ್ವಲ್ಪ ಮುಂದೆ. ಇವರೇ ಹಿಡಿದಿದ್ದು."